ದ್ವೀಪದ ಹಡಗು ಮಂಗಳೂರಿನಿಂದಲೂ ಹೊರಡಲಿ



ಹಡಗಿನಲ್ಲಿ ದ್ವೀಪ ಸುತ್ತುವ ಆಸೆಯಿರುವ ನವದಂಪತಿಗಳು ಮಾಲ್ಡೀವ್ಸ್‌ಗೇ ಹೋಗಬೇಕಿಲ್ಲ, ಲಕ್ಷದ್ವೀಪವಿದೆ. ಕೊಚ್ಚಿಯಿಂದ ಹೊರಡುವ ‘ಸಮುದ್ರಂ’ ಪ್ರವಾಸದಲ್ಲಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳ ಸುತ್ತಾಟ. ರಾತ್ರಿ ನಿದ್ದೆ ಹಡಗಿನಲ್ಲೇ. ಇಂಥ ಸೌಲಭ್ಯ ಮಂಗಳೂರಿಗೂ ಬೇಕು. ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದಿಗೂ ಲಕ್ಷದ್ವೀಪಕ್ಕೆ ದಿನಸಿ, ಕಟ್ಟಡ ಸಾಮಗ್ರಿ ಮಂಗಳೂರಿನ ಹಳೆ ಬಂದರಿನಿಂದ ಹೋಗುತ್ತವೆ. ನನ್ನಂಥ ಹೈದರಾಬಾದಿನವರಿಗೆ ಇಲ್ಲಿನ ಕಾಚಿಗೂಡದಿಂದ ಮಂಗಳೂರಿಗೆ ನೇರ ರೈಲೂ ಇದೆ. ಪ್ರವಾಸಿಗರು ಹೆಚ್ಚಿದರೆ ಹವಳದ ದಿಬ್ಬಗಳಿಗೂ ಸಿಹಿನೀರಿಗೂ ಕುತ್ತು ಬರುತ್ತದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಲ್ಲಿಗೆ ಪ್ರವೇಶ ಪರವಾನಗಿ ಕಡ್ಡಾಯ, ಹಾಗಾಗಿ ಸಂಖ್ಯೆಗೆ ಮಿತಿ ಹಾಕಬಹುದು. ಹಡಗಿನಲ್ಲೇ ತಂಗಿದರೆ ದ್ವೀಪದ ನೀರಿನ ಮೇಲಿನ ಹೊರೆಯೂ ತಗ್ಗುತ್ತದೆ. ಕರ್ನಾಟಕ ಸರ್ಕಾರ ಮತ್ತು ಲಕ್ಷದ್ವೀಪ ಆಡಳಿತ ಕೂಡಿ, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಾದರೂ ಈ ಸಂಚಾರ ಆರಂಭಿಸಲಿ.

– ಓದುಗರೊಬ್ಬರು, ಜೀಡಿಮೆಟ್ಲಾ, ಹೈದರಾಬಾದ್