ಇನ್ನೊಂದು ರೂಟರ್ ಹಾಕಿದರೆ ಮನೆಯ ವೈ-ಫೈ ಸರಿಹೋಗುತ್ತದೆಯೇ?

"ಮನೆಯಲ್ಲಿ ವೈ-ಫೈ ಸರಿಯಾಗಿ ಬರುತ್ತಿಲ್ಲವೇ? ಇನ್ನೊಂದು ರೂಟರ್ ತಂದು ಹಾಕಿ, ಮೂಲೆಮೂಲೆಗೂ ನೆಟ್ ಸಿಗುತ್ತದೆ." ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದರ ಹಿಂದೆಯೇ ರೂಟರ್ ಹಿಂದೆ ಫಾಯಿಲ್ ಹಾಳೆ ನಿಲ್ಲಿಸಿ, ಬೂಸ್ಟರ್ ಆಪ್ ಹಾಕಿಕೊಳ್ಳಿ, ಪಾಸ್‌ವರ್ಡ್ ತೆಗೆದುಬಿಡಿ ಎಂಬ ಉಪದೇಶಗಳೂ ಬರುತ್ತವೆ.

ಇದನ್ನು ನಂಬಿ ಎರಡು ಮೂರು ಸಾವಿರ ರೂಪಾಯಿ ಕೊಟ್ಟು ಎರಡನೇ ರೂಟರ್ ತಂದವರ ದೂರು ಬೇರೆಯೇ ಇರುತ್ತದೆ. ಮೊದಲು ಮಹಡಿಯಲ್ಲಿ ಮಾತ್ರ ನೆಟ್ ಸಿಗುತ್ತಿರಲಿಲ್ಲ, ಈಗ ಮನೆಯಲ್ಲೆಲ್ಲ ಸಿಗ್ನಲ್ ತುಂಬಿದೆ, ಆದರೆ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಮಗಳ ಆನ್‌ಲೈನ್ ಪರೀಕ್ಷೆಯ ನಡುವೆ, ಅಜ್ಜಿ ವಿಡಿಯೋದಲ್ಲಿ ಡಾಕ್ಟರ್ ಜೊತೆ ಮಾತಾಡುವಾಗ "ಕನೆಕ್ಟ್ ಆಗಿದೆ, ಇಂಟರ್‌ನೆಟ್ ಇಲ್ಲ" ಎಂದು ಬಂದುಬಿಡುತ್ತದೆ. ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆಯಿಂದ ಸರಿ ಇದೆ ಸರ್" ಎಂಬ ಉತ್ತರ.

ಹಾಗಾದರೆ ಆ ಸಲಹೆ ಸುಳ್ಳೇ? ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಎರಡನೇ ರೂಟರ್ ಸಿಗ್ನಲ್ಲನ್ನು ಹೆಚ್ಚಿಸುತ್ತದೆ. ಆದರೆ ಎರಡು ರೂಟರ್‌ಗಳಿಗೆ ಪರಸ್ಪರ ಹೊಂದಾಣಿಕೆ ಇಲ್ಲದಿದ್ದರೆ ಹೊಸ ತೊಂದರೆಗಳನ್ನೂ ತರುತ್ತದೆ. ಹೇಗೆ ಎಂದು ನೋಡೋಣ.

ಮಹಡಿಗೆ ಸಿಗ್ನಲ್ ಏಕೆ ಹತ್ತುವುದಿಲ್ಲ?

ನಮ್ಮ ಕಡೆಯ ಸಾಮಾನ್ಯ ಎರಡಂತಸ್ತಿನ ಮನೆಯನ್ನೇ ತೆಗೆದುಕೊಳ್ಳೋಣ. ಫೈಬರ್ ಕೇಬಲ್ ಕೆಳಗಿನ ಹಾಲ್‌ಗೆ ಬಂದು, ಟಿವಿ ಪಕ್ಕದ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಆ ಪೆಟ್ಟಿಗೆಯೇ ರೂಟರ್ ಕೂಡ. ಅಲ್ಲಿಂದ ಮಹಡಿಯ ಕೋಣೆಗೆ ಹೋಗಬೇಕಾದರೆ ರೇಡಿಯೋ ಅಲೆಗಳು ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಮೋಲ್ಡ್ ದಾಟಬೇಕು. ಕಾಂಕ್ರೀಟ್, ಲೋಹ, ನೀರು ಈ ಮೂರೂ ವೈ-ಫೈಗೆ ದೊಡ್ಡ ತಡೆ. ದಾರಿಯಲ್ಲಿ ಕಬ್ಬಿಣದ ಬೀರು, ಫ್ರಿಜ್, ನೀರಿನ ಟ್ಯಾಂಕ್ ಇದ್ದರೆ ಇನ್ನೂ ಕಷ್ಟ.

ವೈ-ಫೈ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. 2.4 ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. 5 ವೇಗ ಹೆಚ್ಚು, ಗೋಡೆ ಬಂದರೆ ಬೇಗ ಸೊರಗುತ್ತದೆ. ಹಾಗಾಗಿ ಮಹಡಿಗೆ ಇನ್ನೊಂದು ಪೆಟ್ಟಿಗೆ ಬೇಕು ಎಂಬ ಯೋಚನೆ ತಪ್ಪಲ್ಲ. ಹೀಗೆ ಬೇರೆ ಜಾಗದಿಂದ ಅದೇ ನೆಟ್ ಹಂಚುವ ಪೆಟ್ಟಿಗೆಯನ್ನು ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ.

ತೊಂದರೆ 1: ಟೋಕನ್ ಕೊಡುವವರು ಇಬ್ಬರು

ವೈ-ಫೈಗೆ ಸೇರಿದ ಪ್ರತಿ ಫೋನಿಗೂ ಮನೆಯೊಳಗಿನ ಒಂದು ನಂಬರ್ ಬೇಕು. ಅದೇ ಐಪಿ ವಿಳಾಸ. 192.168 ಎಂದು ಶುರುವಾಗುವ ವಿಳಾಸಗಳನ್ನು ನೀವು ನೋಡಿರಬಹುದು. ಇದನ್ನು ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಮನೆಯಲ್ಲಿ ಈ ಕೆಲಸ ಒಂದೇ ಪೆಟ್ಟಿಗೆ ಮಾಡಬೇಕು.

ಅಂಗಡಿಯಿಂದ ತಂದ ಹೊಸ ರೂಟರ್‌ಗೆ ಮನೆಯಲ್ಲಿ ಇನ್ನೊಂದು ಇದೆ ಎಂದು ಗೊತ್ತಿರುವುದಿಲ್ಲ. ತಾನೇ ಯಜಮಾನ ಎಂದುಕೊಂಡು ಅದೂ ವಿಳಾಸ ಹಂಚಲು ಶುರುಮಾಡುತ್ತದೆ. ಒಂದೇ ಡಾಕ್ಟರ್‌ಗೆ ಇಬ್ಬರು ಕೂತು ಬೇರೆ ಬೇರೆ ಟೋಕನ್ ಕೊಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಎರಡು ಫೋನುಗಳಿಗೆ ಒಂದೇ ನಂಬರ್ ಸಿಗಬಹುದು. ಅಥವಾ "ಇಂಟರ್‌ನೆಟ್‌ಗೆ ನನ್ನ ಮೂಲಕ ಹೋಗು" ಎಂದು ಹೊಸ ಪೆಟ್ಟಿಗೆ ದಾರಿ ತೋರಿಸಬಹುದು, ಆದರೆ ಅದಕ್ಕೆ ಹೊರಗಿನ ದಾರಿಯೇ ಗೊತ್ತಿಲ್ಲದಿರಬಹುದು. ಆಗ ಸಿಗ್ನಲ್ ಪೂರ್ತಿ ಇದ್ದರೂ ನೆಟ್ ಇರುವುದಿಲ್ಲ.

ಇದು ಎಲ್ಲರಿಗೂ ಒಟ್ಟಿಗೆ ಆಗುವುದಿಲ್ಲ. ಯಾವ ಫೋನಿಗೆ ಯಾರು ಮೊದಲು ವಿಳಾಸ ಕೊಟ್ಟರು ಎಂಬುದರ ಮೇಲೆ ನಿಂತಿದೆ. ಕೊಟ್ಟ ವಿಳಾಸಕ್ಕೆ ಅವಧಿಯೂ ಇರುತ್ತದೆ. "ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಮಾರನೇ ದಿನ ಮತ್ತೆ ಅದೇ ಕಥೆ" ಎಂಬುದರ ಗುಟ್ಟು ಅನೇಕ ಸಲ ಇಲ್ಲೇ ಇರುತ್ತದೆ.

ಪರಿಹಾರ ಸುಲಭ. ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ. ಆ ಆಯ್ಕೆ ಇಲ್ಲದ ರೂಟರ್‌ಗಳಲ್ಲಿ ಮೂರು ಕೆಲಸ ಮಾಡಬೇಕು. ಡಿಎಚ್‌ಸಿಪಿ ಆಫ್ ಮಾಡಿ. ಮೊದಲ ರೂಟರ್ 192.168.1.1 ಆಗಿದ್ದರೆ ಎರಡನೆಯದಕ್ಕೆ 192.168.1.2ರಂತೆ ಬೇರೆ ವಿಳಾಸ ಕೊಡಿ, ಆ ವಿಳಾಸ ಮನೆಯ ಬೇರೆ ಯಾವ ಸಾಧನಕ್ಕೂ ಹೋಗದಂತೆ ನೋಡಿಕೊಳ್ಳಿ. ಕೆಳಗಿನಿಂದ ಬರುವ ಕೇಬಲ್ಲನ್ನು ವ್ಯಾನ್ ಎಂದು ಬರೆದಿರುವ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಿ. ಎರಡು ಪೆಟ್ಟಿಗೆಗಳ ನಡುವೆ ಒಂದೇ ಕೇಬಲ್ ಇರಲಿ. ವೇಗ ಹೆಚ್ಚಲಿ ಎಂದು ಎರಡು ಕೇಬಲ್ ಹಾಕಿದರೆ ಡೇಟಾ ಸುತ್ತಿ ಸುತ್ತಿ ಇಡೀ ಮನೆಯ ನೆಟ್ ಕುಸಿಯಬಹುದು.

ಎರಡನೇ ಪೆಟ್ಟಿಗೆಯನ್ನು ವ್ಯಾನ್ ಕಿಂಡಿಯಲ್ಲಿ ಹಾಗೇ ಬಿಟ್ಟರೂ ಎಷ್ಟೋ ಮನೆಗಳಲ್ಲಿ ನೆಟ್ ಬರುತ್ತದೆ. ಆದರೆ ಆಗ ಮನೆಯೊಳಗೆ ಎರಡು ಬೇರೆ ಬೇರೆ ಜಾಲಗಳಾಗುತ್ತವೆ. ಮಹಡಿಯ ಫೋನಿಗೆ ಕೆಳಗಿನ ಪ್ರಿಂಟರ್ ಅಥವಾ ಟಿವಿ ಕಾಣದಿದ್ದರೆ ಇದೇ ಕಾರಣವಿರಬಹುದು.

ತೊಂದರೆ 2: ಹಳೆಯ ಪೆಟ್ಟಿಗೆಯನ್ನು ಬಿಡದ ಫೋನ್

ಮಹಡಿ ಹತ್ತಿದ ತಕ್ಷಣ ಫೋನ್ ಹತ್ತಿರದ ಪೆಟ್ಟಿಗೆಗೆ ತಾನಾಗಿ ಬದಲಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ಯಾವಾಗ ಬದಲಾಗಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಫೋನ್, ರೂಟರ್ ಅಲ್ಲ.

ವೈ-ಫೈ ಸಿಗ್ನಲ್ಲನ್ನು ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಸಂಖ್ಯೆಯಲ್ಲಿ ಹೇಳುತ್ತಾರೆ. -50 ತುಂಬ ಚೆನ್ನಾಗಿದೆ ಎಂದರ್ಥ, -80 ಬಂದರೆ ಕಷ್ಟ. -60ಕ್ಕೂ -70ಕ್ಕೂ ಹತ್ತು ಪಟ್ಟು ವ್ಯತ್ಯಾಸ. ಆಪಲ್ ಕಂಪನಿಯೇ ಪ್ರಕಟಿಸಿರುವ ಮಾಹಿತಿಯ ಪ್ರಕಾರ, ಸಿಗ್ನಲ್ -70 ಡಿಬಿಎಂಗಿಂತ ಕೆಳಗಿಳಿದ ಮೇಲೆಯೇ ಐಫೋನ್ ಬೇರೆ ಪೆಟ್ಟಿಗೆ ಹುಡುಕಲು ಶುರುಮಾಡುತ್ತದೆ. ಹುಡುಕಿದ ಮೇಲೂ, ಡೇಟಾ ಓಡಾಡುತ್ತಿದ್ದರೆ ಹೊಸದು 8 ಡೆಸಿಬಲ್, ಸುಮ್ಮನಿದ್ದರೆ 12 ಡೆಸಿಬಲ್ ಹೆಚ್ಚು ಬಲವಾಗಿರಬೇಕು. ಬೇರೆ ಫೋನುಗಳಿಗೆ ಅವುಗಳದ್ದೇ ಲೆಕ್ಕಗಳಿವೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪರದೆಯ ಮೇಲೆ ಕಾಣುವ ಸಿಗ್ನಲ್ ಗುರುತು ರೂಟರ್‌ನ ದನಿ ಫೋನಿಗೆ ಎಷ್ಟು ಕೇಳುತ್ತಿದೆ ಎಂದು ಹೇಳುತ್ತದೆ. ಫೋನಿನ ದನಿ ರೂಟರ್‌ಗೆ ಕೇಳುತ್ತಿದೆಯೇ ಎಂದು ಹೇಳುವುದಿಲ್ಲ. ರೂಟರ್ ಮೈಕಿನಲ್ಲಿ ಕೂಗಿದಂತೆ, ಬ್ಯಾಟರಿಯಲ್ಲಿ ಓಡುವ ಫೋನ್ ಬರೀ ಬಾಯಲ್ಲಿ ಉತ್ತರಿಸಿದಂತೆ. ಹಾಗಾಗಿ ರೂಟರ್‌ನ ಪವರ್ ಜಾಸ್ತಿ ಮಾಡಿದರೆ ಗುರುತು ತುಂಬಿಕೊಳ್ಳಬಹುದು, ನೆಟ್ ಸರಿಹೋಗಬೇಕೆಂದೇನೂ ಇಲ್ಲ. ಎರಡು ಪೆಟ್ಟಿಗೆ ಇರುವ ಮನೆಯಲ್ಲಿ ಪವರ್ ಸ್ವಲ್ಪ ತಗ್ಗಿಸಿದರೆ ಫೋನ್ ಹಳೆಯದನ್ನು ಬೇಗ ಬಿಡುವುದೂ ಉಂಟು.

ಎರಡೂ ಪೆಟ್ಟಿಗೆಗಳಿಗೆ ಒಂದೇ ವೈ-ಫೈ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇಡಿ. ಪಾಸ್‌ವರ್ಡ್‌ನ ಒಂದು ಅಕ್ಷರ ಬೇರೆಯಾದರೂ ಫೋನ್ ಅಲ್ಲಿಗೆ ಹೋದಾಗ ದೃಢೀಕರಣದ ದೋಷ ಎಂದು ನಿಂತುಬಿಡುತ್ತದೆ. ಮೆಶ್ ಎಂದು ಮಾರುವ ಸೆಟ್‌ಗಳಲ್ಲಿ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು "ಆ ಕಡೆ ಹೋಗು" ಎಂದು ಫೋನಿಗೆ ಸಲಹೆ ಕೊಡಬಲ್ಲವು. ಆದರೂ ಕೇಳುವುದು ಬಿಡುವುದು ಫೋನಿಗೆ ಬಿಟ್ಟದ್ದು. ಬೇಗ ಬದಲಾಗಲು ನೆರವಾಗುವ ಫಾಸ್ಟ್ ರೋಮಿಂಗ್ ಆಯ್ಕೆ ಆನ್ ಇದ್ದಾಗ ಕೆಲವು ಹಳೆಯ ಸಾಧನಗಳು ಕನೆಕ್ಟ್ ಆಗುವುದೇ ಇಲ್ಲ. ಹಳೆಯ ಫೋನ್ ಒಂದೇ ತಕರಾರು ಮಾಡುತ್ತಿದ್ದರೆ ಇದನ್ನು ಆಫ್ ಮಾಡಿ ನೋಡಿ.

ತೊಂದರೆ 3: ಇಬ್ಬರೂ ಒಟ್ಟಿಗೆ ಮಾತಾಡುವುದು

2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿವೆ. ಕೇಳಲು ಬೇಕಾದಷ್ಟು ಎನಿಸುತ್ತದೆ. ಆದರೆ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದು ವೈ-ಫೈಗೆ ಬೇಕಾಗುವ ಜಾಗ ಸುಮಾರು 20 ಮೆಗಾಹರ್ಟ್ಸ್. ಹಾಗಾಗಿ ಒಂದರ ಮೇಲೊಂದು ಬೀಳದೆ ಬಳಸಲು ಸಾಮಾನ್ಯವಾಗಿ 1, 6, 11 ಈ ಮೂರನ್ನೇ ಆರಿಸುತ್ತಾರೆ. ಕೆಳಗಿನದು 1ರಲ್ಲಿದ್ದರೆ ಮೇಲಿನದನ್ನು 6 ಅಥವಾ 11ಕ್ಕೆ ಹಾಕಿ. ಅಕ್ಕಪಕ್ಕದ ಮನೆಯವರ ವೈ-ಫೈ ಯಾವುದರಲ್ಲಿದೆ ಎಂದೂ ನೋಡಿ. ಅಡುಗೆಮನೆಯ ಮೈಕ್ರೋವೇವ್ ಓವನ್ ಕೂಡ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಅದು ಓಡುವಾಗ ಮಾತ್ರ ನೆಟ್ ತಡವರಿಸಿದರೆ ಆಶ್ಚರ್ಯಪಡಬೇಕಿಲ್ಲ.

ತೊಂದರೆ 4: ರಿಪೀಟರ್ ಇಟ್ಟ ಜಾಗ

ಕೇಬಲ್ ಎಳೆಯದೆ ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ರಿಪೀಟರ್‌ಗಳೂ ಸಿಗುತ್ತವೆ. ಸಾಮಾನ್ಯವಾಗಿ ಅವನ್ನು ನೆಟ್ ಬರದ ಕೋಣೆಯಲ್ಲೇ ಇಡುತ್ತಾರೆ. ಆದರೆ ರಿಪೀಟರ್‌ಗೇ ಸರಿಯಾಗಿ ಕೇಳದಿದ್ದರೆ ಅದು ಏನನ್ನು ಮರುನುಡಿಯಬೇಕು? ಟ್ಯಾಂಕಿಗೆ ನೀರೇ ಏರದಿದ್ದರೆ ನಲ್ಲಿ ಎಷ್ಟಿದ್ದರೇನು? ರಿಪೀಟರ್ ಇರಬೇಕಾದ್ದು ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ. ಒಂದೇ ಪಟ್ಟಿಯಲ್ಲಿ ಕೇಳಿ, ಅದರಲ್ಲೇ ಹೇಳುವ ರಿಪೀಟರ್‌ಗಳಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಾಧ್ಯವಿದ್ದರೆ ಕೇಬಲ್ ಎಳೆಯುವುದೇ ಒಳ್ಳೆಯದು.

ಮತ್ತೆ ಆ ಬೇರೆ ಸಲಹೆಗಳು?

ಫಾಯಿಲ್ ಅಲೆಗಳನ್ನು ಪ್ರತಿಫಲಿಸುತ್ತದೆ ನಿಜ. ಒಂದು ಕಡೆಗೆ ಸ್ವಲ್ಪ ಹೆಚ್ಚಿದರೆ ಅದರ ಹಿಂದಿನ ಕಡೆಗೆ ಕಡಿಮೆಯಾಗುತ್ತದೆ. ಹೊಸ ಸಿಗ್ನಲ್ ಹುಟ್ಟುವುದಿಲ್ಲ. ಯಾವ ಆಪ್ ಕೂಡ ಫೋನಿನ ಆಂಟೆನಾವನ್ನು ಬಲಪಡಿಸಲಾರದು. ಅನಗತ್ಯ ಅನುಮತಿ ಕೇಳುವ ಬೂಸ್ಟರ್ ಆಪ್‌ಗಳಿಂದ ದೂರವಿರಿ. ಪಾಸ್‌ವರ್ಡ್ ತೆಗೆಯುವುದಂತೂ ಬೇಡವೇ ಬೇಡ. ನಿಮ್ಮ ವೈ-ಫೈನಿಂದ ಬೇರೆಯವರು ಏನಾದರೂ ತಪ್ಪು ಮಾಡಿದರೆ ವಿಚಾರಣೆ ಮೊದಲು ನಿಮ್ಮ ಬಾಗಿಲಿಗೇ ಬರುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಹೀಗೆ ಪರೀಕ್ಷಿಸಿ

• ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಉರಿಯುತ್ತಿದ್ದರೆ ಫೈಬರ್‌ನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಕಂಪನಿಗೆ ದೂರು ಕೊಡಿ, ಮನೆಯೊಳಗೆ ಹುಡುಕಬೇಡಿ.

• ದೀಪ ಸರಿಯಿದ್ದರೆ ಎರಡನೇ ಪೆಟ್ಟಿಗೆ ಆಫ್ ಮಾಡಿ, ಮೊದಲನೆಯದರ ಪಕ್ಕ ನಿಂತು ಎರಡು ಫೋನುಗಳಲ್ಲಿ ನೆಟ್ ನೋಡಿ. ಆಗ ಚೆನ್ನಾಗಿದ್ದು, ಎರಡನೆಯದು ಆನ್ ಆದ ಮೇಲೆ ಕೆಟ್ಟರೆ ತೊಂದರೆ ಎರಡರ ನಡುವಿನ ಹೊಂದಾಣಿಕೆಯಲ್ಲಿದೆ.

• ಕೆಟ್ಟಾಗ ಫೋನಿನ ವೈ-ಫೈ ವಿವರದಲ್ಲಿ ಐಪಿ ವಿಳಾಸ ಮತ್ತು ಗೇಟ್‌ವೇ ನೋಡಿ, ಸರಿಯಿರುವ ಫೋನಿನ ಜೊತೆ ಹೋಲಿಸಿ. ಗೇಟ್‌ವೇ ಬೇರೆಯಾಗಿದ್ದರೆ ಟೋಕನ್ ಕೊಡುವವರು ಇಬ್ಬರಿದ್ದಾರೆ. ವಿಳಾಸ 169.254 ಎಂದು ಶುರುವಾದರೆ ಯಾರೂ ಟೋಕನ್ ಕೊಟ್ಟಿಲ್ಲ.

• ಫೋನಿನ ವೈ-ಫೈ ಆಫ್ ಮಾಡಿ ಆನ್ ಮಾಡಿದ ಕೂಡಲೇ ಸರಿಹೋದರೆ, ಅದು ದೂರದ ಪೆಟ್ಟಿಗೆಗೆ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು.

• ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ದಿನ ಕಾಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಈ ಪರೀಕ್ಷೆಗಳಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಕಂಪನಿಯವರು "ನಮ್ಮ ಕಡೆಯಿಂದ ಸರಿ ಇದೆ" ಎಂದಾಗ ಅದು ನಿಜವೋ ಅಲ್ಲವೋ ಎಂದು ಹೇಳುವ ಧೈರ್ಯವೂ ನಿಮಗೆ ಬರುತ್ತದೆ. ಇನ್ನೊಂದು ರೂಟರ್ ಹಾಕಿ ಎಂಬ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಸಾಲು ಸೇರಿಸಿ: "ಹಾಕಿ, ಆದರೆ ಟೋಕನ್ ಕೊಡುವವರು ಒಬ್ಬರೇ ಇರಲಿ."