ಕಳ್ಳನ ಬೆನ್ನು ಹತ್ತಿ ಜರ್ಮನ್ ಕಲಿಯೋದು

ನನ್ನ ತಂಗಿ ಮಗಳ ಮದುವಿ ಆಗಿ ಆರು ತಿಂಗಳಾತು. ಗಂಡ ಜರ್ಮನಿಯೊಳಗ, ಇಕಿ ಇಲ್ಲೇ. ವೀಸಾಕ್ಕ ಎ1 ಪರೀಕ್ಷಾ ಪಾಸಾಗಬೇಕು, ಒಮ್ಮೆ ಫೇಲಾಗ್ಯಾಳ. ಈಗ ನಮ್ಮ ಮನ್ಯಾಗ ಇದ್ದು ಓದ್ಲಿಕತ್ತಾಳ. ಮೊನ್ನೆ ತಂಗಿ ಬಂದಾಕಿ ಮಗಳ ಕೈಯಾಗಿನ ಪುಸ್ತಕ ನೋಡಿ, "ಅಕ್ಕಾ, ಪರೀಕ್ಷಾ ಬಿಟ್ಟು ಕಳ್ಳರ ಕಥಿ ಓದ್ಲಿಕತ್ತಾಳಲ್ಲ, ನೀನರ ಹೇಳಬಾರದ?" ಅಂತ ಸಿಟ್ಟಾದ್ಲು. ಓದು ಅಂತ ಹೇಳಿದಾಕಿನ ನಾನು. ಯಾಕಂತ ಕೇಳ್ರಿ.

ಅದು ಎರಿಖ್ ಕೆಸ್ಟ್ನರ್ 1929ರಾಗ ಬರೆದ 'ಎಮಿಲ್ ಮತ್ತು ಪತ್ತೇದಾರರು', ಕಲಿಯೋರಿಗಂತ ಸರಳ ಮಾಡಿದ್ದು. ಎಮಿಲ್ ಅನ್ನೋ ಹುಡುಗ ಬರ್ಲಿನ್‌ಗೆ ಅಜ್ಜಿ ಕಡೆ ಹೊಂಟಿರ್ತಾನ. ತಾಯಿ ಕೊಟ್ಟ 140 ಮಾರ್ಕ್ ಕೋಟಿನ ಒಳಗ ಟಾಚಣಿ ಚುಚ್ಚಿ ಇಟ್ಕೊಂಡಿರ್ತಾನ. ರೈಲಿನ್ಯಾಗ ನಿದ್ದಿ ಹತ್ತಿದಾಗ ರೊಕ್ಕ ಕಳುವಾಗ್ತದ. ಕಡೀಕ ನೋಟಿನ ಮ್ಯಾಲಿನ ಟಾಚಣಿ ತೂತೇ ಸಾಕ್ಷಿ! ಇಂಥಾ ಕಥಿ ಅರ್ಧಕ್ಕ ಬಿಟ್ಟು ಯಾರು ಏಳ್ತಾರ? ಪಾಠದ ಪುಸ್ತಕದ ಮುಂದ ಆಕಳಿಸೋ ಹುಡುಗಿ, ಕಳ್ಳ ಸಿಗೋತನಕ ಡಿಕ್ಷನರಿ ಕೆಳಗಿಡಲಿಲ್ಲ.

ಪತ್ತೇದಾರ ಕೇಳೋದರ ಏನು? ಯಾರು, ಎಲ್ಲಿ, ಯಾವಾಗ, ಯಾಕ. ಜರ್ಮನ್‌ದಾಗ ವೇರ್, ವೋ, ವಾನ್, ವಾರುಮ್. ಹೊಸದಾಗಿ ಕಲಿಯೋರಿಗೆ ಮೊದಲು ಬೇಕಾಗೋವು ಇವೇ. ಇನ್ನೊಂದು ಮಜಾ ಅಕಿನೇ ತೋರಿಸಿದ್ಲು. "ಎರ್ ಹಾಟ್ ದಾಸ್ ಗೆಲ್ಟ್" ಅನ್ನೋತನಕ, ಅವ ರೊಕ್ಕಾ ಕೊಟ್ಟನೋ ಬಚ್ಚಿಟ್ಟನೋ ತಿಳಿಯೂದಿಲ್ಲ. ಕಡೀಕ "ಗೆಶ್ಟೋಲೆನ್" ಬಂದಾಗ ಕದ್ದ ಅಂತ ಗೊತ್ತಾಗ್ತದ. ನಮ್ಮ ಕನ್ನಡದಾಗೂ ಕ್ರಿಯಾಪದ ಕಡೀಕೇ ಬರ್ತದಲ್ಲ!

ನಮ್ಮವ್ವ ನಾಲ್ಕನೇತ್ತಕ್ಕ ಸಾಲಿ ಬಿಟ್ಟಾಕಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಹಿಡದು, ಒಲಿ ಮುಂದ ಅಕ್ಷರ ಕೂಡಿಸಿ ಕೂಡಿಸಿ ಓದ್ಲಿಕ್ಕೆ ಕಲ್ತ್ಲು. ಅಕಿಗೆ ಯಾರೂ ಪರೀಕ್ಷಾ ಇಟ್ಟಿರಲಿಲ್ಲ, ಮುಂದೇನಾತು ಅನ್ನೋ ಹಸಿವಿ ಇತ್ತು ಅಷ್ಟ.

"ಕಳವು, ಕೊಲಿ ಅನ್ನೋ ಶಬ್ದ ಕಲ್ತು ಸಂತಿ ಮಾಡ್ಲಿಕ್ಕಾಗ್ತದೇನು?" ಅಂತಾಳ ತಂಗಿ. ಅಲ್ಲವಾ, ಕಳ್ಳ ಬರೋದು ಮನಿಗೇ ಅಲ್ಲೇನು? ಬಾಗಿಲಾ, ಕೀಲಿ, ಗಡಿಯಾರ, ಟಿಕೀಟು ಎಲ್ಲಾ ಆ ಕಥ್ಯಾಗೇ ಬರ್ತಾವ. ಆದ್ರ ಒಂದು ಮಾತು ತಂಗೀದೂ ಖರೇ ಅದ: ಬರೇ ಓದಿದ್ರ ನಾಲಿಗಿ ಹೊರಳೂದಿಲ್ಲ, ಪರೀಕ್ಷಾದಾಗ ಮಾತೂ ಆಡಬೇಕು. ಅದಕ್ಕ ಭಕ್ರಿ ಬಡಿಯೋವಾಗ ನಾನೇ ಪೊಲೀಸ್ ಆಗೇನಿ. "ವೋ ವಾರೆನ್ ಝೀ ಗೆಸ್ಟರ್ನ್ ಆಬೆಂಟ್?" ನಿನ್ನೆ ಸಂಜೀಕ ಎಲ್ಲಿದ್ರಿ? ಅಕಿ ಜರ್ಮನ್‌ದಾಗೇ ಉತ್ತರ ಹೇಳಬೇಕು, ತಪ್ಪಿದ್ರ ಹಂಚಿನ ಮುಂದ ಅಕಿ ಪಾಳಿ.

ಮುಂದಿನ ತಿಂಗಳು ಮತ್ತ ಪರೀಕ್ಷಾ. ನಿಮ್ಮ ಮನ್ಯಾಗೂ ಯಾರರ ಹೊಸ ಭಾಷಾ ಕಲೀಲಿಕತ್ತಿದ್ರ, ಕೈಯಾಗಿನ ಕಥಿಪುಸ್ತಕ ಕಸಗೋಬ್ಯಾಡ್ರಿ. ಕಳ್ಳ ಸಿಕ್ಕನೇನಂತ ಕೇಳ್ರಿ, ಆ ಭಾಷಾದಾಗೇ ಹೇಳ್ಲಿ.