ಹಾಳೆಯ ತಕ್ಕಡಿ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಗೆ ಕುವೆಂಪು ಅವರ ಮನೆಯನ್ನು ನೋಡಲೆಂದು ಮಕ್ಕಳೊಡನೆ ಹೋಗಿಬರುವ ಪಟ್ಟಣದ ಕುಟುಂಬಗಳು ಅನೇಕ. ಈಗ ವಸ್ತುಸಂಗ್ರಹಾಲಯವಾಗಿರುವ ಆ ಮನೆಯಿಂದ ಹಿಂದಿರುಗುವಾಗ ದಾರಿಯ ಅಡಿಕೆ ತೋಟಗಳಲ್ಲಿ ಉದುರಿ ಬಿದ್ದ ಹಾಳೆಗಳನ್ನು ಮಕ್ಕಳಿಗೆ ತೋರಿಸುವವರು ಮಾತ್ರ ವಿರಳ.

ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ಅಗಲವಾದ ಭಾಗವೇ ಹಾಳೆ. ಮಲೆನಾಡಿನವರು ಅದನ್ನು ಕಸವೆಂದು ಎಣಿಸಿದವರಲ್ಲ. ತೋಟದಲ್ಲಿ ದುಡಿಯುವವನಿಗೆ ಅದು ಟೊಪ್ಪಿ. ಮಕ್ಕಳಿಗಂತೂ ಬಂಡಿಯೇ ಸರಿ: ಒಬ್ಬನು ಹಾಳೆಯ ಮೇಲೆ ಕುಳಿತರೆ ಇನ್ನೊಬ್ಬನು ಸೋಗೆಯನ್ನು ಹಿಡಿದು ಅಂಗಳದ ತುಂಬ ಎಳೆಯುತ್ತಾನೆ.

ಇದೇ ಹಾಳೆ ಅಚ್ಚಿನಲ್ಲಿ ಒತ್ತಿದ ತಟ್ಟೆಯಾಗಿ ಪಟ್ಟಣದ ಸಮಾರಂಭಗಳಿಗೆ ಬರುತ್ತದೆ. ಉಪಾಹಾರ ಮುಗಿದೊಡನೆ ಕಸದ ಬುಟ್ಟಿಯನ್ನು ಸೇರುತ್ತದೆ. ಚಕ್ಕುಲಿ, ಅವಲಕ್ಕಿಯಂತಹ ಒಣ ತಿಂಡಿ ಬಡಿಸಿದ ಎರಡು ಚಿಕ್ಕ ತಟ್ಟೆಗಳನ್ನು ಒರಸಿ ಬಿಸಿಲಿಗಿಟ್ಟು ತೆಗೆದರೆ, ಏಳೆಂಟು ವರ್ಷದ ಮಗು ಅವುಗಳಿಂದ ತಕ್ಕಡಿಯನ್ನು ಮಾಡಬಲ್ಲದು.

ಪ್ರತಿ ತಟ್ಟೆಯ ಅಂಚಿನಲ್ಲಿ ಸಮದೂರಕ್ಕೆ ಮೂರು ತೂತು. ದಬ್ಬಣದ ಈ ಕೆಲಸವೊಂದನ್ನು ಹಿರಿಯರು ಮಾಡಿಕೊಡಲಿ. ತೂತುಗಳಿಗೆ ಒಂದೇ ಅಳತೆಯ ಮೂರು ದಾರಗಳನ್ನು ಕಟ್ಟಿ, ಅವುಗಳ ತುದಿಗಳನ್ನು ಸೇರಿಸಿ ಗಂಟು ಹಾಕಬೇಕು. ಹಳೆಯ ಅಡಿಕೋಲಿನ ಎರಡು ಕೊನೆಗಳಿಗೆ ತಟ್ಟೆಗಳನ್ನು ತೂಗುಬಿಟ್ಟು, ಸರಿಯಾಗಿ ನಡುವಿಗೆ ಇನ್ನೊಂದು ದಾರ ಬಿಗಿದು ಕಿಟಕಿಯ ಸರಳಿಗೆ ಕಟ್ಟಿದರೆ ಸಾಕು.

ತಕ್ಕಡಿ ಬಹುಶಃ ಒಂದು ಕಡೆಗೆ ವಾಲುತ್ತದೆ, ಏಕೆಂದರೆ ಎರಡು ಹಾಳೆಗಳ ತೂಕ ಒಂದೇ ಆಗಿರುವುದು ಅಪರೂಪ. ಆಗ ತಾಯಿಯ ಕೈ ತಾನಾಗಿ ಮುಂದೆ ಬರುವುದುಂಟು. ಆ ಕೈಯನ್ನು ತಡೆಯುವುದೇ ಇಲ್ಲಿನ ಕಷ್ಟದ ಕೆಲಸ. ಮಗು ನಡುವಿನ ದಾರವನ್ನು ಭಾರದ ಕಡೆಗೆ ಸರಿಸಿ ತಕ್ಕಡಿಯನ್ನು ಸಮ ಮಾಡಬಹುದು. ನೋಟಕ್ಕೆ ಎಲ್ಲವೂ ಸರಿ. ಆದರೆ ಅದು ಮೋಸದ ತಕ್ಕಡಿ! ಒಂದು ಕಡೆ ನಿಂಬೆಹಣ್ಣು, ಇನ್ನೊಂದು ಕಡೆ ಅದಕ್ಕೆ ಸಮನಾಗುವಷ್ಟು ಹುಣಸೆಬೀಜ ಹಾಕಿ, ಬಳಿಕ ಎರಡನ್ನೂ ಅದಲು ಬದಲು ಮಾಡಲಿ. ಸಮನಾಗಿದ್ದ ತಕ್ಕಡಿ ಕೂಡಲೇ ವಾಲುತ್ತದೆ. ಕೋಲಿನ ಒಂದು ತೋಳು ಉದ್ದ, ಇನ್ನೊಂದು ಗಿಡ್ಡವಾದುದೇ ಇದಕ್ಕೆ ಕಾರಣ. ದಾರವನ್ನು ಮತ್ತೆ ನಡುವಿಗೆ ತಂದು, ಹಗುರಾದ ತಟ್ಟೆಯ ಅಡಿಗೆ ಚೂರು ಮೇಣ ಅಂಟಿಸಿದರೆ ತಕ್ಕಡಿ ನಿಜ ಹೇಳತೊಡಗುತ್ತದೆ. ಇದನ್ನು ಕಂಡುಕೊಳ್ಳಲು ಮಗುವಿಗೆ ಎರಡು ದಿನ ಹಿಡಿದರೂ ನಷ್ಟವಿಲ್ಲ. ಶಾಲೆಯ ಪ್ರದರ್ಶನಕ್ಕೆಂದು ತಂದೆಯೇ ಕುಳಿತು ಅಂದವಾಗಿ ಮಾಡಿಕೊಟ್ಟ ತಕ್ಕಡಿಗೆ ಬಹುಮಾನ ಬಂದೀತು. ವಾಲಿದ್ದೇಕೆಂಬುದು ಮಗುವಿಗೆ ತಿಳಿಯದೆ ಹೋದೀತು.

ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಹಳ್ಳಿಯ ಶಾಲೆಗಳಿಗೆ ಸ್ವತಃ ಮಾಡಿ ತಿಳಿಯುವ ಇಂತಹ ಪಾಠಗಳನ್ನೇ ಕೊಂಡೊಯ್ದಿತು. ಅಲ್ಲಿ ಕೆಲಸ ಮಾಡಿದ ಇಂಜಿನಿಯರ್ ಅರವಿಂದ ಗುಪ್ತ ಅವರು ಬೆಂಕಿಕಡ್ಡಿಗಳನ್ನೂ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳನ್ನೂ ಜೋಡಿಸಿ ರೇಖಾಗಣಿತದ ಆಕಾರಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ತಕ್ಕಡಿ ಸಿದ್ಧವಾದ ಬಳಿಕ ಅಡಿಗೆಮನೆಯೇ ಅಂಗಡಿ. ಬೆಳ್ಳುಳ್ಳಿ ಗಡ್ಡೆಗೆ ಎಷ್ಟು ಹುಣಸೆಬೀಜ, ಖಾಲಿ ಬೆಂಕಿಪೆಟ್ಟಿಗೆಗೆ ಎಷ್ಟು ಎಂದು ಮಗು ಮೊದಲು ಊಹಿಸಿ ಬರೆದಿಟ್ಟು, ಆಮೇಲೆ ತೂಗಲಿ.